ಘಟಕ್ಕೆ ಬಿದ್ದ ಗೋದಿ

ದಸರೆ ಕಳೆದು ಮಳೆ ಹಿಂದೆ ಸರಿದ ಮೇಲೆ ಕೊಲ್ಹಾಪುರದ ಸುತ್ತಮುತ್ತ ಗುಡ್ಡದ ಹುಲ್ಲು ಕೊಯ್ಯುತ್ತಾರೆ. ಕೊಯ್ದ ಹುಲ್ಲು ಒಂದೆರಡು ಬಿಸಿಲು ಕಂಡರೆ ಸಾಕು, ಅದರಿಂದ ಸಿಹಿಯಾದ ವಾಸನೆಯೊಂದು ಏಳುತ್ತದೆ. ಮೊನ್ನೆ ವೈನಿಯನ್ನು, ಅಂದರೆ ಅಣ್ಣನ ಹೆಂಡತಿಯನ್ನು, ನೋಡಲು ಇಚಲಕರಂಜಿಗೆ ಹೊರಟಿದ್ದೆ. ಕಾಗಲ ದಾಟಿದ ಮೇಲೆ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ನಮ್ಮ ಬಸ್ಸಿಗೆ ದಾರಿ ಬಿಡದೆ ತೆವಳುತ್ತಿತ್ತು. ಕಿಟಕಿಯ ತುಂಬ ಅದೇ ವಾಸನೆ. ಪಕ್ಕದಲ್ಲಿ ಕೂತ ಹೆಂಗಸು ಕಣ್ಣು ಮುಚ್ಚಿ, "ಎಷ್ಟ ಚಲೋ ವಾಸನಿ ನೋಡ್ರಿ ಬಾಯಾರ," ಎಂದಳು. ನನಗೋ ಈ ವಯಸ್ಸಿನಲ್ಲೂ ಆ ವಾಸನೆಯ ಜೊತೆ ಕೂರಲಾಗದು. ಎದ್ದು ಹೋಗಿ ಡ್ರೈವರನಿಗೆ ಹಾರ್ನು ಹೊಡೆಯಲು ಹೇಳಿ ಬಂದೆ.

ಆ ವಾಸನೆ ಕೊಡುವ ವಸ್ತುವಿಗೆ ಕೌಮರಿನ್ ಎಂದು ಹೆಸರು. ಅರವತ್ತರ ದಶಕದ ನಡುವಿನ ಒಂದು ಮಳೆಗಾಲವನ್ನು ನಾನು ಪೂರ್ತಿಯಾಗಿ ಅದರ ಜೊತೆ ಕಳೆದಿದ್ದೇನೆ. ಕೊಲ್ಹಾಪುರದಲ್ಲಿ ಸಸ್ಯಗಳ ಜೀವರಸಾಯನದ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಕೌಮರಿನ್ ಕರಗಿಸಿದ ನೀರಿನಲ್ಲಿ ಗೋದಿ ನೆನೆಸಿಟ್ಟರೆ ಕಾಳು ಸಾಯುವುದಿಲ್ಲ, ಮೊಳೆಯುವುದೂ ಇಲ್ಲ. ಯಾರೋ ಕೈಹಿಡಿದು ಕೂರಿಸಿದ ಹಾಗೆ ಕೂತುಬಿಡುತ್ತದೆ. ಇನ್ನೊಂದು ಕಡೆ ಜಿಬ್ಬರೆಲಿನ್ ಎಂಬ ಹಾರ್ಮೋನು. ಕಾಳು ತನ್ನೊಳಗಿನ ಹಿಟ್ಟನ್ನು ಕರಗಿಸಿ ಏಳಲು ತಾನೇ ಮಾಡಿಕೊಳ್ಳುವ ವಸ್ತು ಅದು. ಕೌಮರಿನ್ ಹಿಡಿದು ಕೂರಿಸಿದ ಕಾಳಿಗೆ ಈ ಹಾರ್ಮೋನನ್ನು ಹೊರಗಿನಿಂದ ಕೊಟ್ಟರೆ ಅದು ಬಿಡಿಸಿಕೊಂಡು ಏಳುತ್ತದೆಯೇ? ನನ್ನ ಪ್ರಶ್ನೆ ಇಷ್ಟೇ. ಇಷ್ಟು ಸಣ್ಣ ಪ್ರಶ್ನೆ ಮನುಷ್ಯರ ನಿದ್ದೆ ಕೆಡಿಸಬಲ್ಲದು ಎಂದು ಮನೆಯವರಿಗೆ ಹೇಳಿದರೆ ನಗುತ್ತಿದ್ದರು.

ಆ ವರ್ಷದ ಮಳೆ ನಿಲ್ಲುವ ಹೆಸರೇ ಎತ್ತಲಿಲ್ಲ. ಪಂಚಗಂಗೆ ಏರಿ ಇಳಿದು ಮತ್ತೆ ಏರಿತು. ಪ್ರಯೋಗಾಲಯದ ಗೋಡೆಗಳಿಗೆ ಪಾಚಿ, ತೂಗುವ ತಕ್ಕಡಿಗೆ ತುಕ್ಕು, ಗಾಜಿನ ತಟ್ಟೆಗಳೊಳಗೆ ಬೂಷ್ಟು. ಅದಕ್ಕಿಂತ ಹೆಚ್ಚಿನ ಪೀಡೆ ಎಂದರೆ, ಹಾರ್ಮೋನು ಹಾಕಿದ ತಟ್ಟೆಯಲ್ಲಿ ಕಾಳು ಮೊಳೆಯುತ್ತಿತ್ತು, ಸರಿ. ಹಾಕದ ತಟ್ಟೆಯಲ್ಲೂ ಕೆಲವು ಸಲ ಮೊಳೆತುಬಿಡುತ್ತಿತ್ತು. ಒಮ್ಮೆ ಹಾಗೆ, ಒಮ್ಮೆ ಹೀಗೆ. ಎರಡೂ ತಟ್ಟೆ ಒಂದೇ ಥರ ಮೊಳೆತರೆ ಹಾರ್ಮೋನಿನ ಹೆಚ್ಚುಗಾರಿಕೆ ಏನು ಬಂತು? ನಾನು ಕೂತಲ್ಲಿ ಕೂರದವಳು. ಹೋಗುತ್ತ ಬರುತ್ತ ಮುಚ್ಚಳ ಎತ್ತಿ ನೋಡುವುದು, ಕಾಗದ ಒಣಗಿದಂತೆ ಕಂಡರೆ ಬಗ್ಗಿಸಿ ಹಳೆ ನೀರು ಚೆಲ್ಲಿ ಹೊಸ ನೀರು ಹಾಕುವುದು, ಮತ್ತೆ ನೋಡುವುದು. ನಮ್ಮ ಮಾರ್ಗದರ್ಶಕರು ಮರಾಠಿಯವರು, ಮಾತು ಕಡಿಮೆ, ನಶ್ಯ ಹೆಚ್ಚು. ಒಂದು ದಿನ ಬಾಗಿಲಲ್ಲಿ ನಿಂತು, "ಗಿರಿಜಾ, ಉಗವಾಯಚಂ ಬಿಯಾಣ್ಯಾಲಾ ಆಹೆ, ತುಲಾ ನಾಹೀ," ಎಂದು ಹೋದರು. ಮೊಳೆಯಬೇಕಾದ್ದು ಬೀಜ, ನೀನಲ್ಲ ಅಂತ. ನನಗೆ ಮೈಯೆಲ್ಲ ಉರಿಯಿತು.

ಸರ್ ದೀಪಾವಳಿ ಮುಗಿದ ಮೇಲೆ ಕೊಲ್ಹಾಪುರ ಬಿಟ್ಟು ಪುಣೆಗೆ ಹೋಗುವವರಿದ್ದರು. ಅಷ್ಟರೊಳಗೆ ಒಂದು ಕೊನೆಯ ಸುತ್ತಿನ ಪ್ರಯೋಗ ನೆಟ್ಟಗೆ ಮಾಡಿ ತೋರಿಸದಿದ್ದರೆ ನನ್ನ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಪರದೇಶದಿಂದ ಬಂದಿದ್ದ ಜಿಬ್ಬರೆಲಿನ್ ಆ ಒಂದು ಸುತ್ತಿಗೆ ಸಾಲುವಷ್ಟೇ ಉಳಿದಿತ್ತು. ಕೌಮರಿನ್ನಿನಲ್ಲಿ ನೆನೆಸಿದ ಗೋದಿಯೋ, ಆ ಹವೆಯಲ್ಲಿ ಒಣಗಲೊಲ್ಲದು. ನವರಾತ್ರಿಗೆ ಊರಿಗೆ ಹೊರಟಾಗ ಅದನ್ನೂ ಚೀಲದಲ್ಲಿ ಕಟ್ಟಿಕೊಂಡೆ. ನಮ್ಮ ಊರು ಗಡಹಿಂಗ್ಲಜದಲ್ಲಿ ಅಷ್ಟು ಮಳೆಯಿಲ್ಲ. ಅಪ್ಪನದು ಮೆಣಸಿನಕಾಯಿ ವ್ಯಾಪಾರ, ಕಾಯಿ ಒಣಗಿಸುವ ಅಂಗಳದಲ್ಲಿ ಎರಡು ಬಿಸಿಲು ಸಿಕ್ಕರೆ ನನ್ನ ಗೋದಿ ಗರಿಗರಿಯಾಗುತ್ತದೆ ಎಂಬುದು ಲೆಕ್ಕಾಚಾರ.

ಮನೆಯಲ್ಲಿ ಆಗ ನಾಲ್ಕು ಜನ. ಅಪ್ಪ, ಅಣ್ಣ, ಅಣ್ಣನ ಹೆಂಡತಿ ನೀಲಾ ವೈನಿ, ಮತ್ತು ಅಪ್ಪನ ಅಕ್ಕ ದೊಡ್ಡತ್ತಿ. ಅವ್ವ ತೀರಿದ ಮೇಲೆ ಮನೆಯ ಕೀಲಿ ದೊಡ್ಡತ್ತಿಯ ಸೊಂಟದಲ್ಲಿತ್ತು. ವೈನಿ ದತ್ತವಾಡದ ಹುಡುಗಿ, ಶಾಲೆಯ ಫೈನಲ್ ಪರೀಕ್ಷೆ ಪಾಸಾದವಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಸಂಬಂಧದಲ್ಲಿ ದೊಡ್ಡವಳು. ಹೀಗಾಗಿ ಬಾಯಲ್ಲಿ 'ರೀ', ಮನಸ್ಸಿನಲ್ಲಿ ಏಕವಚನ. ಅವಳು ಬಂದು ವರ್ಷಗಳಾಗಿದ್ದರೂ ಮಕ್ಕಳಾಗಿರಲಿಲ್ಲ. ಆಜರಾ ಕಡೆಯ ಒಂದು ಹುಡುಗಿಯನ್ನು ಅಣ್ಣನಿಗೆ ಎರಡನೆಯದಾಗಿ ತರುವ ಮಾತು ಅಡುಗೆಮನೆಯಲ್ಲಿ ಶುರುವಾಗಿತ್ತು. ದೊಡ್ಡತ್ತಿ ಆ ಮಾತನ್ನು ವೈನಿಯ ಎದುರಿಗೇ ಆಡುತ್ತಿದ್ದಳು, ಸಂತೆಯಿಂದ ಏನೇನು ತರಬೇಕು ಎಂದು ಹೇಳುವ ದನಿಯಲ್ಲಿ. ಅಣ್ಣ ಎದ್ದು ಅಂಗಡಿಗೆ ಹೋಗಿಬಿಡುತ್ತಿದ್ದ. ನನಗೆ ಅವನನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸುತ್ತಿತ್ತು.

ನವರಾತ್ರಿಯ ಮೊದಲ ದಿನ ನಮ್ಮಲ್ಲಿ ಘಟ ಹಾಕುತ್ತಾರೆ. ಹೊಲದ ಕರಿಮಣ್ಣು ತಂದು ಎಲೆಯ ಮೇಲೆ ಹರಡಿ, ನಡುವೆ ಮಣ್ಣಿನ ಗಡಿಗೆ ಇಟ್ಟು, ಸುತ್ತ ಕಾಳು ಬಿತ್ತಿ, ದಸರೆಯವರೆಗೆ ದೀಪ ಆರದಂತೆ ಕಾಯುವುದು. ಸಸಿ ಎತ್ತರ ಬಂದರೆ ಮನೆಗೆ ಒಳ್ಳೆಯದು. ಬರದಿದ್ದರೆ ಬಿತ್ತಿದವಳ ಕೈ ಸರಿಯಿಲ್ಲ. ನಮ್ಮ ಮನೆಯದೇ ಒಂದು ಕಟ್ಟಳೆಯೂ ಇತ್ತು: ಬಿತ್ತುವುದು ಸೊಸೆ, ಮತ್ತು ಅವಳು ನಸುಕಿನ ಸ್ನಾನದಿಂದ ದೀಪ ಹಚ್ಚುವವರೆಗೆ ತುಟಿ ಬಿಚ್ಚುವಂತಿಲ್ಲ. ನೀರೂ ಅವಳೇ ಹಾಕಬೇಕು, ಬೇರೆಯವರು ಘಟ ಮುಟ್ಟುವಂತಿಲ್ಲ, ಮಣ್ಣು ಕೆದರುವ ಮಾತಂತೂ ಇಲ್ಲವೇ ಇಲ್ಲ.

ಆ ವರ್ಷ ಮನೆಯ ಗೋದಿಗೆಲ್ಲ ನುಸಿ ಹಿಡಿದಿತ್ತು. ನಸುಕಿನಲ್ಲಿ ವೈನಿ ತೊಯ್ದ ಕೂದಲಲ್ಲಿ ಡಬ್ಬಿಗಳನ್ನು ತೆರೆದು ನೋಡಿ ಕೈ ಚೆಲ್ಲಿ ನಿಂತಾಗ, ಪಡಸಾಲೆಯ ಮೊರದಲ್ಲಿ ನನ್ನ ಗೋದಿ ಕಂಡಿದೆ. ಒಂದೇ ಅಳತೆಯ ದಪ್ಪ ಕಾಳು, ನಾನೇ ಒಂದೊಂದಾಗಿ ಆರಿಸಿದ್ದು. ಬಗ್ಗಿ ಮೂಸಿ ನೋಡಿದ್ದಾಳೆ, ಘಮ್ಮೆಂದಿದೆ. ಆಜರಾದ ಸಣ್ಣಕ್ಕಿಯ ಘಮ ಗೊತ್ತಿದ್ದವರ ಮನೆಗಳಲ್ಲಿ ಪರಿಮಳದ ಕಾಳು ಮೊದಲು ದೇವರಿಗೇ. ನಾನು ಅದನ್ನು ಘಟಕ್ಕೆಂದೇ ಕೊಲ್ಹಾಪುರದಿಂದ ತಂದಿದ್ದೇನೆ ಎಂದುಕೊಂಡಳು. ಕೇಳೋಣವೆಂದರೆ ಮಾತಾಡುವಂತಿಲ್ಲ, ನಾನು ಮಲಗಿದ್ದೆ. ಎರಡು ಬೊಗಸೆ ತುಂಬಿಕೊಂಡು ಒಳಗೆ ಹೋದಳು.

ನಾನು ಎದ್ದು ಮೊರ ನೋಡಿ ಕೂಗಿದಾಗ ದೀಪ ಹಚ್ಚಿ ಆಗಿತ್ತು. ವೈನಿ ನಗುತ್ತ ಬಂದಳು. "ದೇವಿಗಿ ಅಂತ ತಂದಿದ್ದಿ ಹೌದಲ್ಲ? ಎಂಥಾ ಘಮ ಗಿರಿಜಾ! ದೇವರ ಕ್ವಾಣಿ ತುಂಬೇತಿ."

"ವೈನೀ, ಅದಕ್ಕ ಔಷಧ ಹಾಕೇನ್ರಿ. ಅದು ಮೊಳಿಯಾಂಗಿಲ್ಲ."

ಅವಳ ಮುಖದ ಬಣ್ಣ ಇಳಿದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ನೆಟ್ಟಗೆ ದೇವರ ಕೋಣೆಗೆ ನುಗ್ಗಿ ದೊಡ್ಡತ್ತಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ತಪ್ಪು ಯಾರದೂ ಅಲ್ಲ, ಬೇರೆ ಕಾಳು ಹಾಕೋಣ ಎಂದೆ.

ದೊಡ್ಡತ್ತಿ ಜಪಮಾಲೆ ಕೆಳಗಿಡಲಿಲ್ಲ. "ಔಷಧ ಹಾಕಿದ್ರ ವಾಸನಿ ಕೆಟ್ಟಿರತಿತ್ತು. ಇದು ಆಜರಾ ಅಕ್ಕಿಯಂಗ ಘಮ್ ಅನ್ನಾಕತ್ತೇತಿ. ನನಗ ಕಲಿಸಾಕ ಬರಬ್ಯಾಡ."

"ಆ ಘಮಾನ ಔಷಧ, ಅತ್ತಿ! ಅದ ಕಾಳ ಹಿಡದ ಕುಂಡರಿಸೇತಿ."

"ಘಮ ಕಾಳ ಹಿಡದ ಕುಂಡರಸತೈತಿ?" ದೊಡ್ಡತ್ತಿ ನಕ್ಕಳು. "ನಿಮ್ಮ ವೈನಿ ಮ್ಯಾಲೆ ನಿನಗ ಭಾಳ ಪ್ರೀತಿ ಐತಿ, ನನಗ ಗೊತ್ತೈತಿ. ಬರದಿದ್ರ ಯಾರ ಮ್ಯಾಲೆ ಬರತೈತಿ ಅಂತ ಈಗಿಂದನ ನೆವ ಹೇಳಾಕತ್ತಿ. ಹಾಕಿದ ಘಟ ಕೆದರೂದಿಲ್ಲ. ಬರೂದಿದ್ರ ಬರತೈತಿ."

ಎಂಥ ವಾದ! ಕೆಟ್ಟ ವಾಸನೆಯ ಔಷಧ ಹಚ್ಚಿದ್ದರೆ ನಂಬುತ್ತಿದ್ದಳು. ನಿಜ ಹೇಳಿದ್ದಕ್ಕೆ ನಾನು ಸುಳ್ಳಿ, ಅದೂ ಪ್ರೀತಿಯ ಸುಳ್ಳಿ. ಅದರ ಮೇಲೆ ಆಕೆ ಹಾಸಿಗೆಯನ್ನೂ ದೇವರ ಕೋಣೆಗೇ ಹಾಕಿಸಿಕೊಂಡಳು, ಯಾರೂ ಕಾಳು ಬದಲಿಸಬಾರದು ಎಂದು. ಪಂಚಮಿ ಹತ್ತಿರ ಬಂದರೂ ನಮ್ಮ ಘಟದ ಮಣ್ಣು ಬೋಳು. ಎದುರುಮನೆಯ ಘಟದಲ್ಲಿ ಹಳದಿ ಮೊಳಕೆಗಳು ಎದ್ದು ನಿಂತಿದ್ದವು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ನಮ್ಮ ಘಟ ನೋಡಿ ಮಾತು ಬದಲಿಸುತ್ತಿದ್ದರು. ದೊಡ್ಡತ್ತಿ ಅಪ್ಪನ ಎದುರು ಕೂತು, "ದಸರೆ ಆದ ಮ್ಯಾಲೆ ಆಜರಾಕ್ಕ ಹೋಗಿ ಮಾತ ಮುಗಿಸಿಕೊಂಡ ಬಾ," ಎಂದಳು. ಅಪ್ಪ ಬೇಡವೆನ್ನಲಿಲ್ಲ. ಅಣ್ಣ ಉಣ್ಣುವುದನ್ನು ಬಿಟ್ಟು ಎದ್ದ. ವೈನಿ ಅವನ ತಾಟು ತೆಗೆದುಕೊಂಡು ಹೋಗಿ ತಿಕ್ಕಿದಳು, ತಿಕ್ಕಿದ ತಾಟನ್ನೇ ಮತ್ತೆ ತಿಕ್ಕಿದಳು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ನಾನು ಕೊಲ್ಹಾಪುರಕ್ಕೆ ಹೊರಟೆ. ಆ ಬಸ್ಸು ಸಂಕೇಶ್ವರದಲ್ಲಿ ನಿಂತಿತು, ನಿಪ್ಪಾಣಿಯಲ್ಲಿ ನಿಂತಿತು, ಕಾಗಲದಲ್ಲಿ ಕಂಡಕ್ಟರ್ ಚಹಾ ಕುಡಿಯುತ್ತ ಯಾರದೋ ಮದುವೆಯ ಕಥೆ ಹೇಳುತ್ತ ನಿಂತ. ನಾನು ಕೆಳಗಿಳಿದು ಬಸ್ಸಿನ ಸುತ್ತ ತಿರುಗಿದೆ. ಬೈಯಲು ಬಾಯಿ ತುರಿಸುತ್ತಿತ್ತು.

ಸರ್ ಪ್ರಯೋಗಾಲಯದಲ್ಲಿ ಒಬ್ಬರೇ ಇದ್ದರು. ಎಲ್ಲ ಹೇಳಿ, ಉಳಿದ ಜಿಬ್ಬರೆಲಿನ್ ಕೇಳಿದೆ. ಅವರು ನಶ್ಯದ ಡಬ್ಬಿಯನ್ನು ಬೆರಳಲ್ಲಿ ತಿರುಗಿಸುತ್ತ ಕೂತರು. ಆಮೇಲೆ, ಇದನ್ನು ಅಲ್ಲಿ ಸುರಿದರೆ ಇಲ್ಲಿ ನಿನ್ನ ಕೊನೆಯ ಸುತ್ತು ಆಗುವುದಿಲ್ಲ, ದೀಪಾವಳಿಗೆ ಮೊದಲು ಇನ್ನೊಂದು ಬಾಟಲಿ ಬರುವುದಿಲ್ಲ, ನಿನಗೆ ಗೊತ್ತಿದೆಯಲ್ಲ ಎಂದು ಮರಾಠಿಯಲ್ಲಿ ಕೇಳಿದರು.

"ಗೊತ್ತದ, ಸರ್."

"ಕೆಲಸ ಮಾಡುತ್ತದೆಂದು ಖಾತ್ರಿ ಇದೆಯೇ?"

ಖಾತ್ರಿ ಇದ್ದಿದ್ದರೆ ನಾನು ಮಳೆಗಾಲವೆಲ್ಲ ಯಾಕೆ ಒದ್ದಾಡುತ್ತಿದ್ದೆ? ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವರು ಎದ್ದು ಫ್ರಿಜ್ಜಿನ ಬೀಗ ತೆಗೆದರು. ನಾನು ಔಷಧವನ್ನು ಸ್ವಲ್ಪ ಸ್ಪಿರಿಟ್ಟಿನಲ್ಲಿ ಕರಗಿಸಿ, ಕಂದು ಬಣ್ಣದ ಸಣ್ಣ ಶೀಶೆಗೆ ತುಂಬಿ, ಬೂಚಿನ ಮೇಲೆ ಮೇಣ ಹಚ್ಚಿ ಸೆರಗಲ್ಲಿ ಸುತ್ತಿಕೊಂಡೆ. ಸರ್ ಬಾಗಿಲವರೆಗೆ ಬಂದು, "ಜಪೂನ ಜಾ," ಎಂದರು. ಹುಷಾರಾಗಿ ಹೋಗು ಎಂದದ್ದು ನನಗೋ ಶೀಶೆಗೋ ತಿಳಿಯಲಿಲ್ಲ.

ಅವತ್ತೇ ಊರಿಗೆ ಮರಳಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ವೈನಿಯ ಕೈಗೆ ಶೀಶೆ ಕೊಟ್ಟು ವಿವರಿಸಿದೆ. ತಂಬಿಗೆ ನೀರಿಗೆ ಇಷ್ಟು ಹನಿ; ಔಷಧ ಕಾಳಿನವರೆಗೆ ಇಳಿಯಬೇಕಾದ್ದರಿಂದ ಚಿಮುಕಿಸಿದರೆ ಸಾಲದು, ಮಣ್ಣು ತಳದವರೆಗೆ ತೊಯ್ದು ನೀರು ಹರಿದು ಹೋಗುವಂತೆ ಹಾಕಬೇಕು, ಬೆಳಿಗ್ಗೆ ಸಂಜೆ ಎರಡೂ ಹೊತ್ತು.

"ಇಷ್ಟ ಏನು ಇರೂದು?" ಶೀಶೆಯನ್ನು ಬೆಳಕಿಗೆ ಹಿಡಿದು ಕೇಳಿದಳು.

"ಇಷ್ಟ ರೀ. ಮತ್ತ ಬರೂದು ದೀಪಾವಳಿ ಆದಮ್ಯಾಲೆ. ಅವಾಗ ಸರ್ ಇರೂದಿಲ್ಲ."

"ಹಂಗಾದ್ರ ನಿನ್ನ ಪ್ರಯೋಗ?"

"ಅದನ್ನ ಆಮ್ಯಾಲೆ ನೋಡೂಣು. ಮದ್ಲ ನೀವು ಈ ಮನ್ಯಾಗ ಉಳೀಬೇಕಲ್ಲ."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಶೀಶೆಯನ್ನು ಸೆರಗಿನ ಗಂಟಿಗೆ ಕಟ್ಟಿದಳು.

ಆಮೇಲಿನ ದಿನಗಳಲ್ಲಿ ನಾನು ಮಾಡಿದ್ದು ಒಂದೇ ಕೆಲಸ, ಅಂಗಳದಿಂದ ದೇವರ ಕೋಣೆಗೆ, ದೇವರ ಕೋಣೆಯಿಂದ ಅಂಗಳಕ್ಕೆ. ವೈನಿ ನೀರು ಸುರಿಯುವುದನ್ನು ನೋಡಿ ದೊಡ್ಡತ್ತಿ, "ಕೊಳತ ಹೋಗತೈತಿ, ಎಷ್ಟ ನೀರ ಅದು!" ಎಂದು ಬೈದಳು. ವೈನಿ ತಲೆ ಎತ್ತದೆ ಸುರಿದಳು. ನೀರು ಎಲೆಯಂಚಿನಿಂದ ಹರಿದು ನೆಲದ ಮೇಲೆ ಕರಿಗೆರೆ ಮೂಡಿಸಿ ಮೋರಿ ಸೇರುತ್ತಿತ್ತು. ಘಮ ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ನಾನು ಅದನ್ನು ಗಮನಿಸಿದೆ, ಗಮನಿಸಿಯೂ ಯೋಚಿಸಲಿಲ್ಲ. ನನ್ನ ತಲೆಯ ತುಂಬ ಹಾರ್ಮೋನು.

ಅಷ್ಟಮಿಗೆ ಮುಂಚಿನ ಬೆಳಿಗ್ಗೆ ದೊಡ್ಡತ್ತಿಯೇ ಕೂಗಿದಳು. ಓಡಿ ಹೋಗಿ ನೋಡಿದರೆ ಮಣ್ಣು ಬಿರಿದು ಬೆಳ್ಳನೆಯ ಮೂತಿಗಳು. ಒಂದೆರಡಲ್ಲ, ಸುತ್ತ ಎಲ್ಲ ಕಡೆ. ನನಗೆ ಅಳು ಬಂತು, ಮುಚ್ಚಿಕೊಳ್ಳಲೂ ಇಲ್ಲ. ತಡವಾಗಿ ಎದ್ದದ್ದಕ್ಕೋ ಏನೋ ಭರಭರ ಬೆಳೆದವು, ಕೋಣೆಯ ಕತ್ತಲಲ್ಲಿ ತಿಳಿಹಳದಿಯಾಗಿ, ತೆಳ್ಳಗೆ. ದಸರೆಯ ಹೊತ್ತಿಗೆ ಎದುರುಮನೆಯವರ ಘಟಕ್ಕೆ ಸರಿಸಮ. ಅದೇ ಹೆಂಗಸರು ಮತ್ತೆ ಬಂದು, "ದೇವಿ ಪರೀಕ್ಷಾ ಮಾಡಿ ಕೊಟ್ಟಾಳ ನೋಡ್ರಿ!" ಎಂದರು. ದೊಡ್ಡತ್ತಿ ಪೇಚಿಗೆ ಬಿದ್ದರೂ ಸೋಲುವವಳಲ್ಲ, ತಾನೇ ಮೊದಲಿಂದ ಹೇಳುತ್ತಿದ್ದಂತೆ, "ಬರೂದಿದ್ರ ಬರತೈತಿ ಅಂದಿದ್ದೆನಲ್ಲ," ಎಂದು ವೈನಿಯ ಹಣೆಗೆ ಭಂಡಾರದ ಅರಿಶಿನ ಹಚ್ಚಿದಳು.

ದಸರೆಯ ಸಂಜೆ ಬನ್ನಿ ಕೊಟ್ಟು ಕಾಲು ಮುಟ್ಟುವ ಹೊತ್ತು. ಅಪ್ಪನ ಟೋಪಿಯಲ್ಲಿ, ಅಣ್ಣನ ಕಿವಿಯ ಮೇಲೆ, ನಮ್ಮೆಲ್ಲರ ಮುಡಿಯಲ್ಲಿ ಘಟದ ಸಸಿ. ಪಡಸಾಲೆಯಲ್ಲಿ ಓಣಿಯ ಹಿರಿಯರು ಕೂತಿದ್ದರು. ವೈನಿ ದೊಡ್ಡತ್ತಿಯ ಕಾಲು ಮುಟ್ಟಿ ಎದ್ದಳು, ಎದ್ದವಳು ಸರಿಯಲಿಲ್ಲ.

"ಅತ್ತೀ, ನಾ ಕೊಲ್ಹಾಪುರಕ್ಕ ಹೋಗಿ ಮಾಸ್ತರಕಿ ಟ್ರೇನಿಂಗ್ ಮುಗಿಸ್ಕೊಂಡ ಬರತೇನ್ರಿ."

ನನ್ನ ಕೈಯಲ್ಲಿದ್ದ ಬನ್ನಿ ಎಲೆ ಬಿತ್ತು.

"ಯಾರ ಹೇಳ್ಯಾರ?" ಎಂದಳು ದೊಡ್ಡತ್ತಿ.

"ದೇವಿ ಹೂಂ ಅಂದಾಳ್ರಿ. ನಾ ಬೇಡಿಕೊಂಡ ಬಿತ್ತಿದ್ದ ಅದನ್ನ. ಬರಲಿಲ್ಲ, ಬರಲಿಲ್ಲ, ಆಮ್ಯಾಲೆ ಹೆಂಗ ಬಂತು ನೀವ ನೋಡೀರಲ್ಲ."

ಓಣಿಯ ಹಿರಿಯರ ಎದುರು, ತನ್ನದೇ ಮುಡಿಯಲ್ಲಿ ಆ ಸಸಿ ಇಟ್ಟುಕೊಂಡು ದೊಡ್ಡತ್ತಿ ಏನೆನ್ನಬೇಕು? ಅಪ್ಪನ ಕಡೆ ನೋಡಿದಳು. ಅಪ್ಪ ಅಣ್ಣನ ಕಡೆ ನೋಡಿದ. ಇಷ್ಟು ದಿನ ಮಾತಿಗೆ ಮೊದಲೇ ಎದ್ದು ಹೋಗುತ್ತಿದ್ದ ಅಣ್ಣ ಅವತ್ತು ಕೂತಲ್ಲೇ ಕೂತಿದ್ದ. "ಟ್ರಂಕ್ ನಾ ಬಸ್ಸಿಗಿ ಏರಿಸಿ ಬರತೇನಿ," ಎಂದ. ಅವನನ್ನು ಅಲುಗಾಡಿಸುವ ಅಗತ್ಯ ನನಗೆ ಬೀಳಲಿಲ್ಲ.

ಹೀಗೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಹೊರಟೆವು. ನನಗೆ ಖುಷಿ, ಬೆರಗು, ಅದರ ಕೆಳಗೆ ಸಣ್ಣ ಸಂಕಟ; ಮೊರದಲ್ಲಿ ಉಳಿದ ಗೋದಿ ಒಣಗಿತ್ತು, ಆದರೆ ಮಾಡಲು ಪ್ರಯೋಗವೇ ಇರಲಿಲ್ಲ. ಕಾಗಲದಲ್ಲಿ ಬಸ್ಸು ಎಂದಿನಂತೆ ನಿಂತಾಗ ವೈನಿ ಸೆರಗಿನ ಗಂಟು ಬಿಚ್ಚಿ ಕಂದು ಶೀಶೆಯನ್ನು ನನ್ನ ತೊಡೆಯ ಮೇಲಿಟ್ಟಳು. ಖಾಲಿ ಶೀಶೆ ಯಾಕೆ ಇಟ್ಟುಕೊಂಡಳೋ ಎಂದು ಎತ್ತಿದರೆ ಭಾರವಿತ್ತು. ಬೂಚಿನ ಮೇಲೆ ನಾನು ಹಚ್ಚಿದ ಮೇಣ ಹಾಗೇ ಇತ್ತು.

"ಹಾಕಲೇ ಇಲ್ಲೇನ್ರಿ?"

"ಇಲ್ಲ. ನೀರಷ್ಟ ಹಾಕಿದೆ, ನೀ ಹೇಳಿದಂಗ, ತಳಮಟ ತೊಯ್ಯೂ ಹಂಗ."

"ಬರದಿದ್ರ ಏನ್ ಮಾಡ್ತಿದ್ರಿ ವೈನೀ?" ನನ್ನ ದನಿ ಏರಿತು. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಬಂದ್ರೂ ಹೋಗಾಕಿ ಇದ್ದೆ, ಬರದಿದ್ರೂ ಹೋಗಾಕಿ ಇದ್ದೆ," ಎಂದಳು, ಶೇಂಗಾ ಸಿಪ್ಪೆ ಸುಲಿಯುತ್ತ. "ಅರ್ಜಿ ಮದ್ಲ ಹಾಕಿದ್ದೆ, ಹಾಸ್ಟೆಲೂ ಸಿಕ್ಕೈತಿ. ಬಂತು, ಹೇಳಿ ಹೊಂಟೇನಿ. ಬರದಿದ್ರ ಹೇಳದ ಹೋಗತಿದ್ದೆ. ಅಷ್ಟಕ್ಕ ನಿನ್ನ ಔಷಧ ಯಾಕ ಹಾಳ ಮಾಡ್ಲಿ?"

ನಾನು ಅವಳನ್ನು ಆ ಮನೆಯಲ್ಲಿ ಉಳಿಸಲು ಓಡಾಡಿದ್ದೆ. ಉಳಿಯುತ್ತೀರೇನು ಎಂದು ಯಾರೂ ಅವಳನ್ನು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಸಿಪ್ಪೆ ಸುಲಿದ ಕಾಳುಗಳನ್ನು ನನ್ನ ಅಂಗೈಗೆ ಹಾಕಿದಳು. ಬಸ್ಸು ಹೊರಟು ಒಂದಷ್ಟು ದೂರ ಹೋಗಿತ್ತು, ಆಗ ನನ್ನ ಮಂದ ತಲೆಗೆ ಹೊಳೆಯಿತು. ಹಾರ್ಮೋನು ಇಲ್ಲದೆಯೇ ಘಟ ಮೊಳೆತಿದೆ. ಬರೀ ನೀರು. ಕೌಮರಿನ್ ಕಾಳಿನಿಂದ ಬಿಟ್ಟು ನೀರಿನ ಜೊತೆ ಮೋರಿಗೆ ಹೋಗಿದೆ, ಅದಕ್ಕೇ ಘಮ ಇಳಿದದ್ದು. ಹಾಗಾದರೆ ಮಳೆಗಾಲವೆಲ್ಲ ನನ್ನ ತಟ್ಟೆಗಳಲ್ಲಿ ಆದದ್ದೂ ಅದೇ! ತಡೆಯಲಾರದೆ ಮುಚ್ಚಳ ಎತ್ತಿ, ಹಳೆ ನೀರು ಚೆಲ್ಲಿ ಹೊಸ ನೀರು ಹಾಕಿ, ನಾನೇ ಕಾಳನ್ನು ತೊಳೆದು ಬಿಡಿಸುತ್ತಿದ್ದೆ.

ವೈನಿಯನ್ನು ಅವಳ ಹಾಸ್ಟೆಲಿಗೆ ಬಿಟ್ಟು ನೇರ ಪ್ರಯೋಗಾಲಯಕ್ಕೆ ಹೋದೆ. ತಟ್ಟೆಗಳನ್ನು ಜೋಡಿಸಿ, ಅಳತೆಯ ನೀರು ಒಂದೇ ಸಲ ಹಾಕಿ, ಕಪಾಟಿನಲ್ಲಿಟ್ಟು ಬೀಗ ಹಾಕಿ, ಇಷ್ಟು ದಿನ ನೀರಿನಿಂದ ಕಾಳು ತೊಳೆದು ಬಿಡಿಸಿದ್ದು ನಾನೇ ಎಂದು ಹೇಳಿ ಕೀಲಿಯನ್ನು ಸರ್ ಕೈಗೆ ಕೊಟ್ಟುಬಿಟ್ಟೆ. ನನ್ನ ಕೈಯನ್ನು ನಾನೇ ನಂಬುವಂತಿರಲಿಲ್ಲ. ಆ ಕೆಲವು ದಿನ ಊರೆಲ್ಲ ತಿರುಗಿದೆ, ರಂಕಾಳ ಕೆರೆಯನ್ನು ಸುತ್ತಿದೆ, ವೈನಿಗೆ ಪುಸ್ತಕ ಹುಡುಕಿ ತಂದೆ. ಕ‍ಪಾಟು ತೆಗೆದ ದಿನ ಹಾರ್ಮೋನು ಹಾಕಿದ ತಟ್ಟೆಗಳಲ್ಲಿ ಮೊಳಕೆ, ಹಾಕದ ತಟ್ಟೆಗಳಲ್ಲಿ ಕಾಳು ಕೂತಲ್ಲೇ ಕೂತಿತ್ತು.

ಸರ್ ಎಲ್ಲ ತಟ್ಟೆಗಳನ್ನೂ ಬಗ್ಗಿ ನೋಡಿದರು. ಈ ಕೆಲಸದವರು ಯಾವಾಗಲೂ ಕೇಳುವುದು ಹೋಲಿಸಿ ನೋಡಲು ಪಕ್ಕದಲ್ಲಿ ಏನಿಟ್ಟಿದ್ದೀರಿ ಎಂದು. ಅದಕ್ಕೆ ಕಂಟ್ರೋಲ್ ಅನ್ನುತ್ತಾರೆ. ನೀರಿನಿಂದ ತೊಳೆದರೆ ಸಾಕು, ಹಾರ್ಮೋನು ಬೇಕಿಲ್ಲ ಎನ್ನುತ್ತೀಯಲ್ಲ, ಅದರ ಕಂಟ್ರೋಲ್ ಎಲ್ಲಿದೆ ಎಂದು ಕೇಳಿದರು.

"ಗಡಹಿಂಗ್ಲಜಲಾ, ಸರ್," ಎಂದೆ. "ವಹಿನೀನಂ ಕೇಲಾ." ಗಡಹಿಂಗ್ಲಜದಲ್ಲಿದೆ, ವೈನಿ ಮಾಡಿದ್ದಾಳೆ ಅಂತ.

ಅವರಿಗೆ ಅರ್ಥವಾಗಲಿಲ್ಲ. ಮೇಣ ಹಚ್ಚಿದ ಶೀಶೆಯ ಕಥೆ ಹೇಳಿದೆ. ನಶ್ಯ ಏರಿಸಲೆಂದು ಎತ್ತಿದ ಅವರ ಕೈ ಅಲ್ಲೇ ನಿಂತಿತು. ಮುಂದಿನ ಸಲ ಅವರನ್ನು ಇಲ್ಲಿಗೆ ಕರೆದುಕೊಂಡು ಬಾ, ನಾನು ನೋಡಬೇಕು ಎಂದರು.

ಕರೆದುಕೊಂಡು ಹೋಗಬೇಕೆಂದು ಕೇಳಿದಾಗ ವೈನಿಗೆ ಪುರುಸೊತ್ತಿರಲಿಲ್ಲ. ಮರುದಿನ ಅವಳು ಮಕ್ಕಳಿಗೆ ಕಲಿಸಬೇಕಾದ ಮೊದಲ ಪಾಠವಿತ್ತು.